ಬಿಸಿಲಿಗಿಟ್ಟ ಕೆಳಗಿನ ಸಾಲು

ನನ್ನ ಅಕ್ಕನ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಯಾವಾಗಲೂ ಒಂದು ಕಪ್ಪು ಗೆರೆ ಇರುತ್ತದೆ. ಸೋಪು ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಸೀಗೆಪುಡಿಗೂ ಹೋಗುವುದಿಲ್ಲ. ಅದು ಇಂಗಾಲದ ಪೇಸ್ಟು. ಮದುವೆಮನೆಯಲ್ಲಿ ಅರಿಶಿನ ಕುಂಕುಮ ತೆಗೆದುಕೊಳ್ಳುವಾಗ ಅವಳು ಆ ಬೆರಳನ್ನು ಒಳಗೆ ಮಡಚಿಕೊಳ್ಳುತ್ತಾಳೆ. ಒಂದು ದಿನ ಅದೇ ಬೆರಳು ಚಾಚಿ, ನಮ್ಮ ಮನೆಯ ತಾರಸಿಯ ಮೇಲಿದ್ದ ಎರಡು ಸಾಲು ಗಾಜಿನ ಬಿಲ್ಲೆಗಳನ್ನು ತೋರಿಸಿ, ಇವನ್ನು ಯಾರೂ ಮುಟ್ಟದ ಹಾಗೆ ನೋಡಿಕೋ ಎಂದಿದ್ದಳು. ಅವಳು ನನ್ನನ್ನು ನಂಬಿ ಒಪ್ಪಿಸಿದ ಕೆಲಸ ಅದೊಂದೇ. ನಾನು ಅದನ್ನು ಮಾಡಲಿಲ್ಲ. ಮುಟ್ಟಿದವನು ನಾನೇ. ಮುಟ್ಟಿದೆ ಎಂದು ವರ್ಷಗಟ್ಟಲೆ ಹೇಳಲೂ ಇಲ್ಲ.

ಶ್ರೀನಗರ ಬಡಾವಣೆಯಲ್ಲಿ ನಮ್ಮದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲೆ ತಾರಸಿ. ಅಪ್ಪ ಶುರು ಮಾಡಿದ್ದು. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಟ್ಟೆ ಅಂಗಡಿಯವರ ಕವರು, ಸ್ಟೀಲ್ ಪಾತ್ರೆ ಅಂಗಡಿಯ ಕ್ಯಾಲೆಂಡರು, ಹೀಗೆ ಬಂದದ್ದೆಲ್ಲ ಅಚ್ಚು ಹಾಕುತ್ತೇವೆ. ನಾನು ಹತ್ತನೇ ಕ್ಲಾಸು ಪಾಸಾಗದೆ ಅಂಗಡಿಗೆ ಇಳಿದವನು. ನನಗೆ ಬರುವ ಕನ್ನಡ ಊರವರ ಲಗ್ನಪತ್ರಿಕೆಗಳನ್ನು ತಿದ್ದಿ ತಿದ್ದಿ ಬಂದದ್ದು. ಅಕ್ಕ ಓದಿದಳು, ಓದುತ್ತಲೇ ಹೋದಳು.

ನಮ್ಮ ಕೆಲಸ ಹೇಳುವುದಕ್ಕೆ ಸುಲಭ. ಚೌಕಟ್ಟಿಗೆ ಬಿಗಿದ ತೆಳುಬಟ್ಟೆಯ ಮೇಲೆ ಇಂಕು ಸುರಿದು, ರಬ್ಬರಿನ ಪಟ್ಟಿಯಿಂದ ಒಮ್ಮೆ ಎಳೆದರೆ ಕೆಳಗಿನ ಕಾಗದದ ಮೇಲೆ ಅಕ್ಷರ ಮೂಡುತ್ತದೆ. ಆ ಪಟ್ಟಿಗೆ ಸ್ಕ್ವೀಜಿ ಎನ್ನುತ್ತೇವೆ. ಕಷ್ಟವೆಲ್ಲ ಇರುವುದು ಆ ಒಂದು ಎಳೆತದಲ್ಲಿ. ಕೈ ನಡುವೆ ನಿಂತರೆ ಗೆರೆ ಬೀಳುತ್ತದೆ, ಎರಡನೇ ಸಲ ಎಳೆದರೆ ಚಿತ್ರ ಜೋಡಿಯಾಗುತ್ತದೆ. ನಾನು ಎಳೆದ ಕಾರ್ಡುಗಳನ್ನು ಅಪ್ಪ ಬೆಳಕಿಗೆ ಹಿಡಿದು, “ಇವನ ಗಣಪತಿಗೆ ಯಾವಾಗಲೂ ಎರಡು ಸೊಂಡಿಲು,” ಎಂದು ಪಕ್ಕಕ್ಕಿಡುತ್ತಿದ್ದರು.

ಅಕ್ಕನ ಕೈ ಹಾಗಿರಲಿಲ್ಲ. ಕಾಲೇಜಿನಿಂದ ಬಂದವಳು ಚಪ್ಪಲಿ ಬಿಟ್ಟು ನೇರ ಮೇಜಿನ ಹತ್ತಿರ ಬರುತ್ತಿದ್ದಳು. ಸ್ಕ್ವೀಜಿ ಹಿಡಿದಾಗ ಕೆಳತುಟಿಯನ್ನು ಒಳಗೆಳೆದುಕೊಳ್ಳುತ್ತಿದ್ದಳು, ಉಸಿರು ಬಿಡುತ್ತಿರಲಿಲ್ಲ. ಅವಳು ಎಳೆದ ಕಾರ್ಡನ್ನು ಅಪ್ಪ ಬೆಳಕಿಗೆ ಹಿಡಿದು ನೋಡುತ್ತಲೇ ಇರಲಿಲ್ಲ, ಮುಗಿದ ಕಾರ್ಡುಗಳ ಕಟ್ಟಿಗೆ ಸೇರಿಸಿಬಿಡುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತೇ ಎಂದು ಈಗ ಕೇಳಿಕೊಳ್ಳುತ್ತೇನೆ. ಸ್ವಲ್ಪ ಇದ್ದಿರಬೇಕು. ಆದರೆ ಮುಂದೆ ನಡೆದದ್ದಕ್ಕೆ ಅದು ಕಾರಣವಲ್ಲ. ಹಾಗಿದ್ದಿದ್ದರೆ ಹೇಳಿಕೊಳ್ಳುವುದು ಸುಲಭವಿತ್ತು.

ಎಮ್ಮೆಸ್ಸಿ ಮುಗಿಸಿ ಅವಳು ಒಂದು ದೊಡ್ಡ ಲ್ಯಾಬಿನಲ್ಲಿ ಸೋಲಾರ್ ಸೆಲ್ಲುಗಳ ಮೇಲೆ ಸಂಶೋಧನೆಗೆ ಸೇರಿದಳು. ಮನೆಗಳ ಮೇಲೆ ನಾವು ನೋಡುವ ನೀಲಿ ಪ್ಯಾನೆಲ್ಲುಗಳಿಗೆ ದೊಡ್ಡ ಕಾರ್ಖಾನೆ ಬೇಕು, ಭಾರಿ ಬೆಂಕಿ ಬೇಕು. ಅವಳು ಹಿಡಿದದ್ದು ಬೇರೆ ಜಾತಿ. ಪೆರೊವ್‌ಸ್ಕೈಟ್ ಎಂಬ ಹರಳು. ಅದನ್ನು ದ್ರಾವಣ ಮಾಡಿಕೊಂಡು ಇಂಕಿನ ಹಾಗೆ ಬಳಸಬಹುದು. ಅದರಲ್ಲಿ ಒಂದು ಬಗೆಯ ಸೆಲ್ಲಿಗೆ ಬೇಕಾದ ಪದರಗಳನ್ನು ಸ್ಕ್ರೀನಿನಿಂದಲೇ ಅಚ್ಚು ಹಾಕಬಹುದೆಂದು ತಿಳಿದ ಸಂಜೆ ಅವಳು ಮನೆಗೆ ಬಂದವಳೇ ಅಂಗಡಿಯ ಮೇಜಿನ ಮುಂದೆ ಸುಮ್ಮನೆ ನಿಂತುಬಿಟ್ಟಿದ್ದಳು. ಅಮ್ಮ ಕಾಫಿ ತಂದು ಕೊಟ್ಟದ್ದೂ ಗೊತ್ತಾಗಲಿಲ್ಲ.

ಆ ಭಾನುವಾರ ಅಪ್ಪನ ಮೇಜಿನ ಮೇಲೆ ಮೊದಲ ಪ್ರಯತ್ನ ಶುರುವಾಯಿತು. ಒಂದು ಗಾಜಿನ ಬಿಲ್ಲೆ, ಅದರ ಮೇಲೆ ಬಿಳಿ ಪದರ, ಅದರ ಮೇಲೆ ಇನ್ನೊಂದು ಬಿಳಿ, ಕೊನೆಗೆ ಇಂಗಾಲದ ಕಪ್ಪು. ಒಂದೊಂದು ಪದರವನ್ನೂ ಲ್ಯಾಬಿನ ಕುಲುಮೆಯಲ್ಲಿ ಸುಟ್ಟು ತಂದು ಮುಂದಿನದನ್ನು ಎಳೆಯಬೇಕಾಗಿದ್ದರಿಂದ ಅದು ಮೂರು ವಾರ ಹಿಡಿಯಿತು. ಕೊನೆಯ ವಾರ ಅವಳು ಕಪ್ಪು ಎಳೆದಾಗ ಅಪ್ಪ ಕನ್ನಡಕ ಹಣೆಗೇರಿಸಿ ಬಗ್ಗಿ ನೋಡಿದರು.

“ಯಾರ ಮದುವೆನಮ್ಮಾ ಇದು, ಪತ್ರಿಕೆ ಪೂರ್ತಿ ಕಪ್ಪು?”

“ಬಿಸಿಲಿಂದು ಅಪ್ಪ,” ಎಂದಳು ಅಕ್ಕ.

“ಹಾಗಾದ್ರೆ ಅಡ್ವಾನ್ಸ್ ಇಸ್ಕೋ. ಬಿಸಿಲು ಸಂಜೆಗೆ ಎದ್ದು ಹೋಗೋ ಪಾರ್ಟಿ.”

ಆ ಬಿಲ್ಲೆಯಲ್ಲಿ ಕರೆಂಟು ಹುಟ್ಟಲಿಲ್ಲ. ನಮ್ಮ ಅಂಗಡಿಯ ಧೂಳು ಪದರಗಳ ನಡುವೆ ಕೂತಿತ್ತು. ಆದರೆ ಅವಳ ಎಳೆತ ನೋಡಿದ ಮೇಲೆ ಲ್ಯಾಬಿನ ಸಾರ್ ಅಲ್ಲಿಗೇ ಒಂದು ಸ್ಕ್ರೀನ್ ಮೇಜು ತರಿಸಿದರಂತೆ. ಅಂದಿನಿಂದ ಅವಳ ಹೆಬ್ಬೆರಳು ಕಪ್ಪಾಯಿತು.

ಮನೆಯಲ್ಲಿ ಅವಳು ಕೆಲಸದ ಮಾತು ಆಡುತ್ತಿದ್ದುದು ಅಡಿಗೆಮನೆಯಲ್ಲಿ ಮಾತ್ರ. ಒಂದು ಸಲ ಅಮ್ಮ ಜಾಮೂನು ಮಾಡಿದ್ದರು. ಅಕ್ಕ ಒಂದನ್ನು ಚಮಚದಿಂದ ಸೀಳಿ ನನಗೆ ತೋರಿಸಿದಳು. ಹೊರಗೆಲ್ಲ ಪಾಕ ಹೀರಿತ್ತು, ನಟ್ಟನಡುವೆ ಬೆಳ್ಳಗೆ ಒಣಗಿತ್ತು. ತನ್ನ ಸೆಲ್ಲೂ ಹೀಗೇ ಕೆಡುವುದು ಎಂದಳು. ಪದರಗಳೆಲ್ಲ ಅಚ್ಚಾದ ಮೇಲೆ ದ್ರಾವಣವನ್ನು ಮೇಲಿನಿಂದ ಹನಿ ಹನಿಯಾಗಿ ಬಿಡುತ್ತಾರೆ. ಅದು ಕಪ್ಪು ಪದರ ದಾಟಿ ತಳದವರೆಗೆ ಇಳಿದು, ಅಲ್ಲಿ ಹರಳುಗಟ್ಟಬೇಕು. ಅವಸರದಲ್ಲಿ ಹರಳಾದರೆ ಮೇಲೆಯೇ ಗಟ್ಟಿಯಾಗಿ ತಳ ಖಾಲಿ ಉಳಿಯುತ್ತದೆ, ಬಿಸಿಲು ಬಿದ್ದರೂ ಕರೆಂಟು ಕಡಿಮೆ. ಅಮ್ಮ ಒಲೆಯ ಕಡೆಯಿಂದಲೇ, ಪಾಕಕ್ಕೆ ನಿಂಬೆಹಣ್ಣು ಹಿಂಡಿದರೆ ಬೇಗ ಹರಳಾಗುವುದಿಲ್ಲ ಎಂದರು. ಅಕ್ಕ ನಕ್ಕು, “ನಾವೂ ಅದೇ ಮಾಡೋದಮ್ಮ, ಹಾಕೋದರ ಹೆಸರು ಮಾತ್ರ ಉದ್ದ,” ಎಂದಳು. ಸೀಳಿದ ಜಾಮೂನು ನನ್ನ ಪಾಲಿಗೆ ಬಂತು.

ಆ ತೊಂದರೆಯನ್ನು ಅವಳೂ ಅವಳ ಜೊತೆಯವರೂ ತಕ್ಕಮಟ್ಟಿಗೆ ಗೆದ್ದರು. ಕರೆಂಟು ಹೆಚ್ಚಿತು. ಅವಳನ್ನು ಕಾಡುತ್ತಿದ್ದುದು ಇನ್ನೊಂದು, ಬಾಳಿಕೆ. ಈ ಹರಳಿಗೆ ತೇವ ಆಗದು. ಒಂದಿಷ್ಟು ಹಸಿ ಒಳಹೊಕ್ಕರೆ ಕಪ್ಪಗಿದ್ದದ್ದು ಹಳದಿಯಾಗಿ ಸತ್ತುಹೋಗುತ್ತದೆ. “ಜಾಸ್ತಿ ಕರೆಂಟ್ ಬಂತು ಅಂತ ಎಲ್ಲರೂ ಫೋಟೋ ತೆಗೆಸ್ಕೋತಾರೆ. ಮಾರನೇ ವರ್ಷ ಆ ಸೆಲ್ಲು ಹೆಂಗಿದೆ ಅಂತ ಯಾರೂ ಕೇಳಲ್ಲ,” ಎನ್ನುತ್ತಿದ್ದಳು. ಅವಳು ಕೇಳುತ್ತಿದ್ದಳು. ಹನುಮಂತನಗರದ ಚಪ್ಪಲಿ ಅಂಗಡಿಯವರಿಗೆ ಹೇಳಿ, ಶೂ ಡಬ್ಬಿಗಳಲ್ಲಿ ತೇವ ಹೀರಲು ಇಡುವ ಪುಟ್ಟ ಪೊಟ್ಟಣಗಳನ್ನೆಲ್ಲ ಒಟ್ಟುಮಾಡಿಸುತ್ತಿದ್ದಳು. ಹಳೆಯ ಟಿಫಿನ್ ಡಬ್ಬಿಯಲ್ಲಿ ಆ ಪೊಟ್ಟಣಗಳನ್ನು ಹಾಸಿ, ನಡುವೆ ಸೆಲ್ಲುಗಳನ್ನಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬರುತ್ತಿದ್ದಳು. ಪಕ್ಕದವರು ಊಟ ಎಂದುಕೊಳ್ಳುತ್ತಿದ್ದರು. ಸೆಲ್ಲು ಕೆಟ್ಟರೆ ಅದನ್ನು ಕಣ್ಣಿನ ಹತ್ತಿರ ಹಿಡಿದು, “ಯಾಕೆ ಕೆಟ್ಟೆ ಹೇಳು,” ಎಂದು ಮಗುವನ್ನು ಕೇಳುವ ಹಾಗೆ ಕೇಳುತ್ತಿದ್ದಳು. ಅದನ್ನು ಬೈದದ್ದು ನಾನು ಕೇಳಿಲ್ಲ. ಮಳೆಯನ್ನು ಬೈಯುತ್ತಿದ್ದಳು.

ತೇವ ಒಳಗೆ ಹೋಗದಂತೆ ಸೆಲ್ಲಿನ ಮೇಲೆ ಇನ್ನೊಂದು ಗಾಜು ಮುಚ್ಚಿ ಸುತ್ತ ಅಂಚು ಬಿಗಿಯಬೇಕು. ಅದಕ್ಕೆ ಹೊರದೇಶದಿಂದ ಬರುವ ಟೇಪುಗಳಿವೆ, ಒತ್ತಿ ಕೂರಿಸಲು ಯಂತ್ರಗಳಿವೆ. ಅಕ್ಕ ತಾನೇ ಒಂದು ಅಂಟು ಕಲಸಿದಳು. ಅದರ ವಿಶೇಷವೆಂದರೆ ಅದನ್ನೂ ಸ್ಕ್ರೀನಿನಿಂದಲೇ ಅಂಚಿನ ಸುತ್ತ ಅಚ್ಚು ಹಾಕಬಹುದಿತ್ತು. ಮೊದಲ ಪದರದಿಂದ ಕೊನೆಯ ಅಂಟಿನವರೆಗೆ ಎಲ್ಲವೂ ಎಳೆತದಲ್ಲೇ ಮುಗಿಯಬೇಕು, ಅಪ್ಪನ ಅಂಗಡಿಯಂಥ ಜಾಗದಲ್ಲಿ ಸೆಲ್ಲು ಮಾಡುವ ಹಾಗಾಗಬೇಕು ಎಂಬುದು ಅವಳ ಆಸೆ. ಅಂಟು ಲ್ಯಾಬಿನ ಪೆಟ್ಟಿಗೆಯೊಳಗೆ ದೀಪದ ಕೆಳಗೆ ಚೆನ್ನಾಗಿ ನಿಂತಿತು. ಹೊರಗೆ ಒಂದು ವರ್ಷ ನಿಲ್ಲಬೇಕಿತ್ತು. ನಿಂತರೆ, ಸೋಲಾರ್ ದೀಪ ಮಾಡುವ ಒಂದು ಕಂಪನಿಯವರು ಅದನ್ನು ತಮ್ಮಲ್ಲಿ ಅಚ್ಚು ಹಾಕಿ ನೋಡುವುದಾಗಿ ಹೇಳಿದ್ದರು. ಅವಳ ಪ್ರಾಜೆಕ್ಟು ಮುಂದುವರಿಯುವುದೂ ಅದರ ಮೇಲೆ ನಿಂತಿತ್ತು. ಇದನ್ನೆಲ್ಲ ನೋಡುವ ಮುಂಚೆ ಅಪ್ಪ ತೀರಿಹೋಗಿದ್ದರು.

ಹೊರಗಿನ ಪರೀಕ್ಷೆಗೆ ಅಕ್ಕ ನಮ್ಮ ತಾರಸಿಯನ್ನೇ ಆರಿಸಿದಳು. ನಿಜವಾದ ಮನೆಯ ಬಿಸಿಲು, ಮಳೆ, ಹೊಗೆ ಬೇಕೆಂದಳು. ತಾರಸಿ ಅಮ್ಮನ ಹಪ್ಪಳ ಸಂಡಿಗೆಯ ರಾಜ್ಯ. ಇಬ್ಬರಿಗೂ ಜಾಗದ ಜಗಳ ಹತ್ತಿತು. ಹಪ್ಪಳಕ್ಕೆ ಒಂದು ಬೇಸಿಗೆ ಸಾಕು, ನಿನ್ನ ಗಾಜಿಗೆ ವರ್ಷವಿಡೀ ಬಿಸಿಲು ಬೇಕಾ ಎಂದು ಅಮ್ಮ ಕೇಳಿದರು. ಕೊನೆಗೆ ಸಿಮೆಂಟಿನ ನೀರಿನ ತೊಟ್ಟಿಯ ಮೇಲೆ ಓರೆಯಾದ ಒಂದು ಸ್ಟ್ಯಾಂಡು ಕೂರಿಸಿದೆವು. ಅದರಲ್ಲಿ ಅಂಗೈಯಗಲದ ಸೆಲ್ಲುಗಳು, ಮೇಲೆ ಒಂದು ಸಾಲು, ಕೆಳಗೆ ಒಂದು ಸಾಲು. ಒಳಗೆ ಸೀಸದ ಅಂಶವಿದೆ, ಒಡೆದರೆ ಕೈ ಹಾಕಬೇಡಿ ಎಂದು ಅಮ್ಮನಿಗೆ ಹೇಳಿದಳು. ನನಗೆ ಹೇಳಿದ್ದನ್ನು ಆಗಲೇ ಬರೆದಿದ್ದೇನೆ. ಒರೆಸುವುದೂ ಬೇಡ, ಧೂಳು ಕೂತರೆ ಕೂರಲಿ, ಮಳೆ ತೊಳೆದುಕೊಳ್ಳುತ್ತದೆ ಎಂದೂ ಹೇಳಿದ್ದಳು. ತಾರಸಿಯ ಬಾಗಿಲಿಗೆ ಬೀಗ ಹಾಕಿ ಕೀಲಿ ನನ್ನ ಕೈಗೆ ಕೊಟ್ಟಳು.

ಪ್ರತಿ ಭಾನುವಾರ ತಾನೇ ಏಣಿ ಹತ್ತಿ ಮೀಟರು ಇಟ್ಟು ನೋಡುತ್ತಿದ್ದಳು. ಬೇಸಿಗೆ ಕಳೆಯಿತು. ಮಳೆ ಬಂದು ತಿಂಗಳುಗಟ್ಟಲೆ ಹೊಡೆಯಿತು. ಎರಡು ಸಾಲೂ ಕಪ್ಪಗೆ ಹಾಗೇ ಕೂತಿದ್ದವು. ಒಂದು ಭಾನುವಾರ ಏಣಿಯಿಂದ ಇಳಿದವಳು ನೇರ ಅಡಿಗೆಮನೆಗೆ ಹೋಗಿ ಅಮ್ಮನಿಗೆ ತೆಂಗಿನಕಾಯಿ ತುರಿದುಕೊಟ್ಟಳು. ಅವಳಿಗೆ ಖುಷಿಯಾದರೆ ಹಾಗೆ ಮಾಡುತ್ತಾಳೆ.

ದಸರೆ ಬಂತು. ಅಪ್ಪ ಹೋದ ವರ್ಷ ಹಬ್ಬವಿರಲಿಲ್ಲ. ವರ್ಷಾಂತಿಕ ಮುಗಿದು ಬಂದ ಮೊದಲ ಆಯುಧಪೂಜೆ ನನ್ನ ಪಾಲಿಗೆ ಬಂತು. ಅಕ್ಕ ಬೇರೆ ಊರಿನ ಲ್ಯಾಬಿನಲ್ಲಿ ಯಾವುದೋ ಯಂತ್ರದ ಕೆಲಸಕ್ಕೆ ಹೋಗಿದ್ದಳು. ನಾನು ಸ್ಕ್ರೀನುಗಳನ್ನೆಲ್ಲ ತೊಳೆದು, ಕಟಿಂಗ್ ಮಷೀನು, ಸ್ಕ್ವೀಜಿಗಳು, ಇಂಕಿನ ಡಬ್ಬಿಗಳು, ಸ್ಕೂಟರು, ಅಮ್ಮನ ಮಿಕ್ಸಿ ಎಲ್ಲಕ್ಕೂ ವಿಭೂತಿ, ಗಂಧ, ಕುಂಕುಮ ಇಟ್ಟೆ. ದುಡಿಯುವ ಯಾವುದನ್ನೂ ಬಿಡಬಾರದು ಎನ್ನುತ್ತಿದ್ದರು ಅಪ್ಪ. ತಟ್ಟೆಯಲ್ಲಿ ಇನ್ನೂ ಕುಂಕುಮ ಉಳಿದಿತ್ತು. ಆಗ ತಾರಸಿಯ ನೆನಪಾಯಿತು. ಮನೆಯಲ್ಲಿ ಹಗಲಿಡೀ ದುಡಿಯುವುದು ಅವೇ ಅಲ್ಲವೇ ಎನಿಸಿತು. ಅಕ್ಕನಿಗೆ ಒಳ್ಳೆಯದಾಗಲಿ ಎಂದೇ ಹೋದೆ. ಏಣಿ ತರುವ ಗೋಜಿಗೆ ಹೋಗದೆ ಬಕೆಟ್ ಬೋರಲು ಹಾಕಿ ಹತ್ತಿ, ಕೆಳಗಿನ ಸಾಲಿನ ಒಂದೊಂದು ಗಾಜಿಗೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ ಇಟ್ಟೆ, ಮೇಲೊಂದು ಸೇವಂತಿಗೆ. ಮೇಲಿನ ಸಾಲು ಕೈಗೆ ಎಟುಕಲಿಲ್ಲ. ಅಲ್ಲಿಂದಲೇ ಕೈ ಮುಗಿದೆ.

ಮಾರನೆಯ ಬೆಳಗ್ಗೆ ತುಂತುರು ಬಿದ್ದಿತ್ತು. ಹೋಗಿ ನೋಡಿದರೆ ಕುಂಕುಮ ಕರಗಿ ಗಾಜಿನ ಮೇಲೆಲ್ಲ ಹರಿದು, ಅಂಚಿನ ಅಂಟಿನ ಸಂದಿಯಲ್ಲಿ ಕೆಂಪಗೆ ಕೂತಿತ್ತು. ಮುಟ್ಟಬೇಡ ಎಂದದ್ದು ಆಗ ನೆನಪಾಯಿತು. ಭಾನುವಾರ ಅಕ್ಕ ಬರುವವಳಿದ್ದಳು. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಅಂಚಿನ ಕೆಂಪು ಹೋಗಲಿಲ್ಲ. ಬೇರೆ ಯಾರಾದರೂ ಅಷ್ಟಕ್ಕೇ ಬಿಡುತ್ತಿದ್ದರೇನೋ. ಕಲೆ ಕಂಡರೆ ಥಿನ್ನರ್ ಹುಡುಕುವ ಕೈ ನನ್ನದು. ಪ್ಲಾಸ್ಟಿಕ್ ಕವರಿನ ಇಂಕು ತೆಗೆಯಲು ಇಟ್ಟಿದ್ದ ಘಾಟು ಥಿನ್ನರನ್ನು ವೇಸ್ಟ್ ಬಟ್ಟೆಗೆ ಸುರಿದುಕೊಂಡು, ಕೆಳಗಿನ ಸಾಲಿನ ಅಂಚುಗಳನ್ನೆಲ್ಲ ಉಜ್ಜಿದೆ. ಕೆಂಪು ಪೂರ್ತಿ ಹೋಯಿತು. ಗಾಜು ಫಳಫಳ ಎಂದಿತು. ಬಟ್ಟೆಗೆ ಸ್ವಲ್ಪ ಜಿಗುಟು ಹತ್ತಿತ್ತು, ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ.

ಮೊದಲ ಭಾನುವಾರ ಏನೂ ಕಾಣಲಿಲ್ಲ. ಮಳೆ ಇನ್ನೂ ಒಂದೆರಡು ಸಲ ಜೋರಾಗಿ ಬಂತು. ಆಮೇಲೆ ಒಂದು ಭಾನುವಾರ ಅಕ್ಕ ಏಣಿಯ ಮೇಲೆ ಬಹಳ ಹೊತ್ತು ನಿಂತಿದ್ದಳು. ಕೆಳಗಿನ ಸಾಲಿನ ಸೆಲ್ಲುಗಳ ಮೂಲೆಗಳಲ್ಲಿ ಹಳದಿ ಹುಟ್ಟಿತ್ತು. ಎಲ್ಲಿ ಹೆಚ್ಚು ಉಜ್ಜಿದ್ದೆನೋ ಅಲ್ಲಿಂದಲೇ ಶುರುವಾಗಿತ್ತು. ಅದನ್ನು ಕಂಡ ಕ್ಷಣಕ್ಕೆ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ನಾನು ಹೇಳಿಕೊಳ್ಳುವ ಹಾಗಿಲ್ಲ.

“ಯಾರಾದ್ರೂ ಮುಟ್ಟಿದ್ರೇನೋ?” ಎಂದಳು.

“ಯಾರು ಮುಟ್ತಾರಕ್ಕ, ಬೀಗ ಹಾಕಿರುತ್ತೆ,” ಎಂದೆ.

ಅವಳು ಎರಡನೇ ಸಲ ಕೇಳಲಿಲ್ಲ. ನಾನು ಹೇಳಿದ ಮೇಲೆ ಅದು ಅವಳಿಗೆ ಮೀಟರು ತೋರಿಸಿದ ಅಂಕಿಯಷ್ಟೇ ಗಟ್ಟಿ. ಮೇಲಿನ ಸಾಲು ಕಪ್ಪಗೇ ಇರುವುದನ್ನೂ, ಕೆಳಗಿನ ಸಾಲು ಮಾತ್ರ ಕೆಟ್ಟಿರುವುದನ್ನೂ ನೋಡಿದಳು. ಸ್ಟ್ಯಾಂಡಿನ ಕೆಳ ಅಂಚಿನಲ್ಲಿ ತುಟಿಯ ಹಾಗೆ ಮೇಲೆದ್ದ ಸಣ್ಣ ಪಟ್ಟಿಯಿತ್ತು. ಮೇಲಿಂದ ಇಳಿದ ಮಳೆನೀರು ಅಲ್ಲಿ ನಿಲ್ಲುತ್ತಿತ್ತು. ಅದನ್ನು ಬೆರಳಿನಿಂದ ತೋರಿಸಿ, ಕೆಳಗಿನ ಸಾಲಿನ ಕಾಲು ಸದಾ ನೀರಿನಲ್ಲಿ, ನಿಂತ ನೀರನ್ನು ತನ್ನ ಅಂಟು ತಡೆಯುವುದಿಲ್ಲ ಎಂದಳು. ನಾನು ಹೌದಕ್ಕ ಎಂದೆ. ಅಷ್ಟೇ ಅಂದಿದ್ದರೂ ಆಗುತ್ತಿತ್ತು. ಮೊನ್ನೆ ಬಿದ್ದ ಮಳೆಗೆ ಅಲ್ಲಿ ನೀರು ಕೆರೆಯಾಗಿತ್ತು ಎಂದೂ ಸೇರಿಸಿದೆ.

ಲ್ಯಾಬಿನ ಸಾರ್ ಅವಳಿಗೆ ಒಂದು ದಾರಿ ತೋರಿಸಿದರಂತೆ. ತಪ್ಪು ಸ್ಟ್ಯಾಂಡಿನದು, ಮೇಲಿನ ಸಾಲಿನದಷ್ಟೇ ವರದಿಯಲ್ಲಿ ಹಾಕೋಣ ಎಂದರಂತೆ. ಅಕ್ಕ ಆ ರಾತ್ರಿ ಊಟಕ್ಕೆ ಕೂತಾಗ ಅದನ್ನು ಅಮ್ಮನಿಗೆ ಹೇಳಿದಳು. ತಾನು ಏನೆಂದೆ ಎಂಬುದನ್ನೂ ಹೇಳಿದಳು: “ಕೆಳಗಿನ ಸಾಲೂ ನಂದೇ ಸಾರ್.” ನಾನು ಎದುರಿಗೇ ಕೂತು ಸಾರು ಕಲಸುತ್ತಿದ್ದೆ.

ತನ್ನ ಅಂಟು ಹೊರಗೆ ನಿಲ್ಲಲಿಲ್ಲ ಎಂದು ಕಂಡದ್ದನ್ನು ಕಂಡ ಹಾಗೆ ಬರೆದುಕೊಟ್ಟಳು. ಕಂಪನಿಯವರು ಬರಲಿಲ್ಲ. ಪ್ರಾಜೆಕ್ಟು ಮುಗಿಯಿತು. ಅವಳು ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠಕ್ಕೆ ಸೇರಿ, ಹತ್ತಿರವಾಗಲಿ ಎಂದು ಸುಬ್ರಹ್ಮಣ್ಯಪುರದಲ್ಲಿ ಮನೆ ಮಾಡಿದಳು. ಅಲ್ಲಿ ಅವಳಿಗೆ ಒಂದು ಸಣ್ಣ ಕೋಣೆ, ಒಂದು ಸ್ಕ್ರೀನ್ ಮೇಜು ಸಿಕ್ಕವು. ಮತ್ತೆ ಅಂಟಿನ ಹಿಂದೆ ಬಿದ್ದಳು. ಅವಳ ಮನೆಗೆ ಹೋದರೆ ಕಿಟಕಿಯ ಕಟ್ಟೆಯ ಮೇಲೆ ಸ್ಟೀಲಿನ ಬಟ್ಟಲುಗಳು, ಬಟ್ಟಲು ತುಂಬ ನೀರು, ನೀರಿನೊಳಗೆ ಅಂಟು ಬಿಗಿದ ಗಾಜು. ತಿಂಗಳು ಕಳೆದರೂ ಅವು ಬಿಟ್ಟುಕೊಳ್ಳುತ್ತಿರಲಿಲ್ಲ. ಅದೇ ಅವಳ ಕಷ್ಟ. “ನೀರಲ್ಲಿ ಮುಳುಗಿಸಿದ್ರೂ ಬಿಡ್ತಿಲ್ಲ ಕಣೋ. ಅಲ್ಲಿ ಯಾಕೆ ಬಿಡ್ತು?” ಎಂದು ನನ್ನನ್ನೇ ಕೇಳುತ್ತಿದ್ದಳು. ಬಿಸಿನೀರು ಹಾಕಿ ನೋಡಿದಳು, ಮಳೆನೀರು ಹಿಡಿದು ನೋಡಿದಳು, ನಮ್ಮ ತೊಟ್ಟಿಯ ನೀರನ್ನು ಕ್ಯಾನಿನಲ್ಲಿ ತರಿಸಿಕೊಂಡು ನೋಡಿದಳು. ಆ ಕ್ಯಾನು ಸ್ಕೂಟರಿನಲ್ಲಿಟ್ಟುಕೊಂಡು ಹೋಗಿ ಕೊಟ್ಟವನು ನಾನು.

ಕೊನೆಗೆ ಆ ಅಂಟನ್ನೇ ಬಿಟ್ಟಳು. ಈಗ ದಪ್ಪ ರಬ್ಬರಿನ ಅಂಚು ಇಟ್ಟು ಯಂತ್ರದಿಂದ ಒತ್ತಿಸುತ್ತಾಳೆ. ಅದು ಅಚ್ಚಾಗುವ ವಸ್ತುವಲ್ಲ. ಅಪ್ಪನ ಅಂಗಡಿಯ ಮಾತನ್ನು ಅವಳು ಆಮೇಲೆ ಎತ್ತಲಿಲ್ಲ. ಮೇಲಿನ ಸಾಲಿನ ಒಂದು ಸೆಲ್ಲನ್ನು ಮಾತ್ರ ಅಮ್ಮ ಕೇಳಿ ಇಸಿದುಕೊಂಡು, ಷೋಕೇಸಿನಲ್ಲಿ ಅಪ್ಪನ ಫೋಟೋದ ಪಕ್ಕ ಇಟ್ಟರು. ದಿನಾ ಅದರ ಮುಂದೆ ಓಡಾಡಿದೆ. ಅದು ಕಪ್ಪಗೇ ಇತ್ತು.

ಹೇಳಬೇಕೆಂದುಕೊಂಡ ದಿನಗಳು ಇದ್ದವು. ಹೇಳಿದರೆ ಅವಳಿಗೆ ಉಪಯೋಗವಿದೆ ಎಂದು ಗೊತ್ತಿತ್ತು. ಆದರೆ ತಡವಾದಷ್ಟೂ ಹೇಳಬೇಕಾದದ್ದು ಎರಡಾಗುತ್ತಿತ್ತು, ಮಾಡಿದ್ದು ಮತ್ತು ಇಷ್ಟು ದಿನ ಹೇಳದೆ ಇದ್ದದ್ದು. ಎರಡನೆಯದೇ ಬಾಯಿ ಕಟ್ಟಿತು.

ಈ ಸಲ ದಸರೆಗೆ ಮುಂಚೆ ಅಕ್ಕ ಹೊಸ ಸೆಲ್ಲುಗಳನ್ನು ನಮ್ಮ ತಾರಸಿಗೇ ತಂದಳು. ಅದೇ ತೊಟ್ಟಿ, ಹೊಸ ಸ್ಟ್ಯಾಂಡು. ಆಯುಧಪೂಜೆಯ ದಿನ ಅವಳೂ ಬಂದಿದ್ದಳು. ನಾನು ಅಂಗಡಿಯ ಪೂಜೆ ಮುಗಿಸಿ ತಟ್ಟೆ ಹಿಡಿದು ಮೇಲೆ ಬಂದೆ. ಅವಳು ತಾರಸಿಯಿಂದ ಬಗ್ಗಿ ಕರೆದಳು.

“ಲೋ, ತಟ್ಟೆ ಇಲ್ಲಿಗೂ ತಗೊಂಡ್ ಬಾರೋ. ಇವಕ್ಕೂ ಇಡು.”

ಹತ್ತಿ ಹೋಗಿ, ಬೇಡಕ್ಕ ಎಂದೆ.

“ಯಾಕೋ? ಅಪ್ಪ ಇದ್ದಿದ್ರೆ ಬಿಡ್ತಿದ್ರಾ? ಗಾಜಿಗೆ ಇಡ್ಬೇಡ, ಬಿಸಿಲಿಗೆ ಅಡ್ಡ ಆಗುತ್ತೆ. ಸ್ಟ್ಯಾಂಡಿನ ಕಾಲಿಗೆ ಇಡು. ಕಾಲಿಗೆ ಇಟ್ರೂ ದೇವರಿಗೆ ಗೊತ್ತಾಗುತ್ತೆ.”

ಅಂದು ಒಂದು ಫೋನು ಮಾಡಿ ಕೇಳಿದ್ದರೂ ಅವಳು ಇದನ್ನೇ ಹೇಳುತ್ತಿದ್ದಳು. ತಟ್ಟೆಯನ್ನು ತೊಟ್ಟಿಯ ಕಟ್ಟೆಯ ಮೇಲಿಟ್ಟೆ.

“ಆವತ್ತೂ ಇಟ್ಟಿದ್ದೆ ಅ‌ಕ್ಕ,” ಎಂದೆ. “ಅಪ್ಪನ ವರ್ಷ ಕಳೆದ ಮೇಲೆ ಮೊದಲ್ನೇ ಪೂಜೆ. ನೀನು ಊರಲ್ಲಿರ್ಲಿಲ್ಲ. ಕೆಳಗಿನ ಸಾಲಿಗೆ, ಗಾಜಿಗೇ ಇಟ್ಟಿದ್ದೆ.”

ಅವಳು ತಟ್ಟೆಯನ್ನು ನನ್ನ ಕಡೆಗೇ ಸರಿಸಿದಳು. “ಕುಂಕುಮದಿಂದ ಏನೂ ಆಗಲ್ಲ ಬಿಡೋ.”

“ಮಾರನೇ ದಿನ ಥಿನ್ನರ್ ಹಾಕಿ ಒರೆಸ್ದೆ.”

ಕೆಳಗೆ ರಸ್ತೆಯಲ್ಲಿ ಯಾರೋ ಬೂದುಗುಂಬಳಕಾಯಿ ಒಡೆದರು. ಅಕ್ಕ ಯಾವ ಥಿನ್ನರ್ ಎಂದಳು. ಹೇಳಿದೆ. ಎಲ್ಲೆಲ್ಲಿ ಎಂದಳು. ಅಂಚಿಗೆ ಎಂದೆ. ಬಟ್ಟೆಗೆ ಏನಾದರೂ ಅಂಟಿತ್ತಾ ಎಂದಳು. ಜಿಗುಟು ಅಂಟಿತ್ತು ಎಂದೆ. ಆಮೇಲೆ ಮೇಲಿನ ಸಾಲಿನ ಬಗ್ಗೆ ಕೇಳಿದಳು.

“ಕೈಗೆ ಎಟುಕ್ಲಿಲ್ಲ,” ಎಂದೆ.

ಅವಳು ಬೋರಲು ಹಾಕಿದ್ದ ಬಕೆಟ್ಟಿನ ಮೇಲೆ ಕೂತಳು. ಹೆಬ್ಬೆರಳಿನ ಕಪ್ಪನ್ನು ಇನ್ನೊಂದು ಕೈಯ ಉಗುರಿನಿಂದ ಕೆರೆಯುತ್ತಿದ್ದಳು.

“ಇಷ್ಟು ವರ್ಷ ನೀರನ್ನ ಬೈದೆ ಕಣೋ,” ಎಂದಳು.

ಅಮ್ಮ ಮಂಗಳಾರತಿಗೆ ಕರೆದರು. ಏಳುವಾಗ ಅಕ್ಕ, ಆ ಥಿನ್ನರ್ ಈಗಲೂ ತರಿಸುತ್ತೀಯಾ ಎಂದು ಕೇಳಿದಳು. ಕೆಳಗೇ ಇದೆ, ಆದರೆ ಪೂಜೆಯಾಗಿದೆ, ಇವತ್ತು ಮುಟ್ಟುವ ಹಾಗಿಲ್ಲ ಎಂದೆ. ಸರಿ ಎಂದಳು. ಊಟಕ್ಕೆ ಕೂತಳು, ಅಮ್ಮನ ಜೊತೆ ಬೇರೆ ಮಾತಾಡಿದಳು, ನನ್ನ ಕಡೆ ನೋಡಲಿಲ್ಲ. ಕತ್ತಲಾಗುವ ಮುಂಚೆ ಹೊರಟುಹೋದಳು.

ವಿಜಯದಶಮಿಯ ಬೆಳಗ್ಗೆ ನಾನು ಅಂಗಡಿಯ ಷಟರ್ ಎತ್ತುವ ಹೊತ್ತಿಗೆ ಬಂದು ನಿಂತಿದ್ದಳು. ಮೊದಲು ಮನೆಗೆ ಹೋಗಿ ಷೋಕೇಸಿನಲ್ಲಿದ್ದ ಸೆಲ್ಲನ್ನು ತಂದಳು. ನಾನು ಹೂ ತೆಗೆದು ಮೇಜು ಒರೆಸಿದೆ. ಅವಳು ಸೆಲ್ಲನ್ನು ಅಪ್ಪನ ಮೇಜಿನ ಮೇಲಿಟ್ಟು, ಕುಂಕುಮ ಹಚ್ಚಿದ್ದ ಥಿನ್ನರ್ ಡಬ್ಬಿಯನ್ನು ನನ್ನ ಕಡೆ ತಳ್ಳಿದಳು.

“ಒಂದೇ ಅಂಚು. ಆವತ್ತು ಎಷ್ಟು ಗಟ್ಟಿಯಾಗಿ ಉಜ್ಜಿದ್ಯೋ ಅಷ್ಟೇ ಗಟ್ಟಿಯಾಗಿ ಉಜ್ಜು.”

ವೇಸ್ಟ್ ಬಟ್ಟೆಗೆ ಥಿನ್ನರ್ ಸುರಿದುಕೊಂಡು ಉಜ್ಜಿದೆ. ಅವಳು ಕೆಳತುಟಿ ಒಳಗೆಳೆದುಕೊಂಡು ನೋಡುತ್ತಿದ್ದಳು. ಅಂಟು ಮೊದಲು ಬೆಳ್ಳಗಾಯಿತು, ಆಮೇಲೆ ಉಬ್ಬಿತು, ನೆನೆದ ಅವಲಕ್ಕಿಯ ಹಾಗೆ ಮೆತ್ತಗಾಯಿತು. ಅವಳು ಹೆಬ್ಬೆರಳಿನ ಉಗುರನ್ನು ಅಂಚಿಗೆ ಕೊಟ್ಟು ಎತ್ತಿದಳು. ಎಳೆಯಾಗಿ ಎದ್ದು ಬಂತು. ಉಳಿದ ಮೂರು ಅಂಚುಗಳನ್ನು ಒಂದೊಂದಾಗಿ ಉಗುರಿನಿಂದ ಒತ್ತಿ ನೋಡಿದಳು. ಅವು ಕಲ್ಲಿನ ಹಾಗಿದ್ದವು.

“ಅಂಟು ಸರಿಯಾಗೇ ಇತ್ತು,” ಎಂದಳು. ನನಗೆ ಹೇಳಿದ್ದಲ್ಲ. ಆ ಸೆಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಅದಕ್ಕೇ ಹೇಳಿದಳು.

ಷಟರಿನ ಕೆಳಗಿಂದ ಬಿಸಿಲು ಮೇಜಿನವರೆಗೆ ಬಂದಿತ್ತು. ಯಾವ ದಿನ, ಯಾವ ಡಬ್ಬಿ, ಯಾವ ಸಾಲು, ಅವಳು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಾಗಿತ್ತು. ಕೇಳದೇ ಇದ್ದದ್ದು ಒಂದು ಉಳಿದಿತ್ತು. ಬಟ್ಟೆ ನನ್ನ ಕೈಯಲ್ಲೇ ಇತ್ತು, ಅದರ ಘಾಟಿಗೆ ಕಣ್ಣು ಉರಿಯುತ್ತಿತ್ತು.

“ತಪ್ಪಾಯ್ತಕ್ಕ,” ಎಂದೆ. “ನೀನು ಕೇಳಿದಾಗ್ಲೇ ಹೇಳ್ಬೇಕಿತ್ತು. ಕೆಡಿಸಿದ್ದು ನೀರಲ್ಲ, ನಾನು.”